ಭಾಗಮ್ಮನ ಸವುಳು, ಸಾವಕಾರರ ರುಮಾಲು

ಬೆಳಿಗ್ಗೆ ಕೆರೆಗೆ ಇಳಿದ ಕೂಡಲೇ ಮಡಿವಾಳರ ಭಾಗಮ್ಮ ಬಟ್ಟೆಗೆ ಹಚ್ಚುವ ಸವುಳು ಮಣ್ಣನ್ನು ಒಂದು ಚಿಟಿಕೆ ನಾಲಿಗೆಯ ತುದಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ಒಂದು ಗಳಿಗೆ ನಿಂತು, ಥೂ ಎಂದು ಉಗುಳುತ್ತಿದ್ದಳು. ಜ್ವರ ಬಂದ ದಿನವೂ ಇದನ್ನು ತಪ್ಪಿಸಿದವಳಲ್ಲ. ನಾಲಿಗೆ ಚುರುಗುಟ್ಟಿದರೆ ಮಣ್ಣು ಚಲೋ. ಬರೀ ಉಪ್ಪುಪ್ಪು ಅನ್ನಿಸಿದರೆ ಅದು ಬಟ್ಟೆಯ ಕೊಳೆ ಬಿಡಿಸುವುದಿಲ್ಲ. ಆದರೆ ತ್ರಿಪುರಾಂತದ ಕೆರೆಯ ದಂಡೆಯ ಮೇಲೆ ಹಾದುಹೋಗುವ ದೊಡ್ಡವರಿಗೆ ಆ ಥೂ ತಮ್ಮನ್ನೇ ನೋಡಿ ಅಂದದ್ದು ಅನ್ನಿಸುತ್ತಿತ್ತು. ಕೆಲವು ಸಲ ಹಾಗೂ ಇದ್ದೀತು. ಅವಳು ಹೌದು ಎಂದೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ.

ನಿಜಾಮನ ರಾಜ್ಯ ಹೋಗಿ, ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಹತ್ತು ಹನ್ನೆರಡು ವರ್ಷಗಳಾಗಿದ್ದವು. ಶೇರವಾನಿ ಹಾಕಿ ತಿರುಗುತ್ತಿದ್ದವರೆಲ್ಲ ಬಿಳಿ ಧೋತರ, ಬಿಳಿ ಅಂಗಿಗೆ ಬಂದಿದ್ದರು. ಅಂಗಿ ಎಷ್ಟು ಬೆಳ್ಳಗೋ ಮನುಷ್ಯ ಅಷ್ಟು ದೊಡ್ಡವನು. ಬಸವಕಲ್ಯಾಣದ ಪೇಟೆಯಲ್ಲಿ ಅಡತಿ ಅಂಗಡಿ ಇಟ್ಟಿದ್ದ ಮಹಾರುದ್ರಪ್ಪ ಅವರೆಲ್ಲರಿಗಿಂತ ಬೆಳ್ಳಗಿದ್ದ. ದಿನಾ ಬೆಳಿಗ್ಗೆ ಮಡಿವಾಳ ಮಾಚಿದೇವರ ಹೆಸರೆತ್ತಿ ಕೈ ಮುಗಿಯುತ್ತಿದ್ದ. ಆ ಶರಣನ ಕಾಯಕದವಳೇ ಗಂಟು ಹೊತ್ತು ಬಂದರೆ ಹೊಸ್ತಿಲ ಹೊರಗೆ ನಿಲ್ಲಿಸುತ್ತಿದ್ದ. ದೇವರಿಗೆ ಕಿವಿ ಉಂಟು, ಕಣ್ಣಿಲ್ಲ ಎಂದು ತಿಳಿದವರು ಲೋಕದಲ್ಲಿ ಬಹಳ ಜನ.

ಅವನ ಓಣಿಯ ಹನ್ನೊಂದು ಮನೆಗಳ ಬಟ್ಟೆ ಭಾಗಮ್ಮನ ಕೈಯಲ್ಲಿತ್ತು. ಸುಗ್ಗಿಗೆ ಜೋಳ, ದಿನಕ್ಕೆ ಎರಡು ರೊಟ್ಟಿ, ಹಬ್ಬಕ್ಕೆ ಹೋಳಿಗೆ. ಗಂಡ ಸತ್ತ ಮೇಲೆ ಅವಳ ಬದುಕು ಅಷ್ಟರಲ್ಲೇ. ಮಹಾರುದ್ರಪ್ಪ ಕೈ ಬಿಟ್ಟರೆ ಉಳಿದ ಹತ್ತು ಮನೆಗಳೂ ಕುರಿಗಳ ಹಾಗೆ ಅವನ ಹಿಂದೆ ಹೋಗುತ್ತವೆ ಎಂಬುದು ಅವಳಿಗೆ ಗೊತ್ತಿತ್ತು.

ಆ ವರ್ಷ ಪೇಟೆಯ ವ್ಯಾಪಾರಿಗಳು ಅವನನ್ನು ತಮ್ಮ ಹಿರಿಯನೆಂದು ಆರಿಸಿದರು. ಗಾದಿಯ ಮೇಲೆ ಕೂರುವ ದಿನ ತೀರಿಹೋದ ತಂದೆಯ ರುಮಾಲು ಸುತ್ತಿಕೊಂಡು, ತಂದೆಯ ಶಲ್ಯವನ್ನೇ ಹೊದ್ದುಕೊಳ್ಳಬೇಕೆಂದು ಅವನಿಗೆ ಆಸೆಯಾಯಿತು. ತಂದೆ ಬದುಕಿದ್ದಾಗ ಅಷ್ಟೇನೂ ನೆನಪಿಸಿಕೊಂಡವನಲ್ಲ. ಟ್ರಂಕಿನಿಂದ ತೆಗೆದರೆ ಎರಡೂ ಅರಿಶಿನ ಬಳಿದಂತೆ ಹಳದಿಯಾಗಿದ್ದವು.

“ಎಂಟ ದಿನ ಬೇಕ್ರಿ ಸಾವಕಾರ್ರ,” ಎಂದಳು ಭಾಗಮ್ಮ.

“ಎಂಟ? ಹುಮನಾಬಾದದ ವೈಜನಾಥ ಒಂದ ದಿನದಾಗ ಕೊಡ್ತಾನ.”

“ಕೊಡ್ತಾನ್ರಿ. ಸುಟ್ಟರ ಯಾವುದರೆ ಬೆಳ್ಳಗ ಆಗ್ತದ. ಸುಣ್ಣಾನೂ ಸುಟ್ಟೇ ಬೆಳ್ಳಗ ಆಗ್ಯಾದ.”

ವೈಜನಾಥ ಸೊಲ್ಲಾಪುರದಲ್ಲಿ ಕೆಲಸ ಕಲಿತು ಬಂದು ಹುಮನಾಬಾದದ ಬಸ್ಸಿನ ರಸ್ತೆಯಲ್ಲಿ ಗಾಜಿನ ಕಪಾಟಿನ ಲಾಂಡ್ರಿ ತೆಗೆದಿದ್ದ. ಎಂಥ ಮಾಸಿದ ಬಟ್ಟೆಗೂ ಅವನದು ಒಂದೇ ಮದ್ದು, ಬ್ಲೀಚಿಂಗ್ ಪುಡಿ. ಒಮ್ಮೆ ಒಂದು ಪುಡಿಕೆಯನ್ನು ಭಾಗಮ್ಮನಿಗೂ ತಂದುಕೊಟ್ಟಿದ್ದ. ಅವಳು ಮೂಸಿ ನೋಡಿ ಮುಖ ಹಿಂದಕ್ಕೆಳೆದುಕೊಂಡಿದ್ದಳು.

“ನಾಲಿಗಿಗಿ ಇಡ್ಲಿಕ್ಕಿ ಬರಲಾರದ್ದು ಬಟ್ಟಿಗಿ ಹ್ಯಾಂಗ ಹಾಕ್ಲೋ?”

“ಯಕ್ಕಾ, ನೀ ಬಟ್ಟಿ ತಿಂತೀ ಏನು?”

“ನಾ ತಿನ್ನಲ್ಲ. ನಿನ್ನ ಪುಡಿ ತಿಂತದ.”

ಭಾಗಮ್ಮನ ಕೆಲಸ ಬೇರೆ. ಮೊದಲು ದೊಡ್ಡ ಗಡಿಗೆಯಲ್ಲಿ ಆಡಿನ ಹಿಕ್ಕೆ ಕಲಸಿದ ನೀರು. ಅದರಲ್ಲಿ ಬಟ್ಟೆ ಎರಡು ದಿನ ನೆನೆಯಬೇಕು. ಆಮೇಲೆ ಸವುಳು ಹಚ್ಚಿ ಉಬ್ಬೆಗೆ ಹಾಕಿ ಇಡೀ ದಿನ ಹಬೆಯಲ್ಲಿ ಬೇಯಿಸುವುದು. ಒಗೆದು, ಹುಲ್ಲಿನ ಮೇಲೆ ಹರವಿ, ಒಣಗಲು ಬಿಡದೆ ನೀರು ಚಿಮುಕಿಸುತ್ತ ಬಿಸಿಲು ಕುಡಿಸುವುದು. ಸಂಜೆಗೆ ಮಡಚಿ, ಮರುದಿನ ಮತ್ತೆ ಹರವುವುದು. ಕಡೆಗೆ ಒಂದಿಷ್ಟು ನೀಲಿ. ಹೊಲಸಿನಿಂದ ಶುರುವಾಗಿ ಬಿಸಿಲಿನಲ್ಲಿ ಮುಗಿಯುವ ಕೆಲಸ ಅದು. ಮುಗಿಯುವ ತನಕ ಕಾಯುವ ತಾಳ್ಮೆ ನೋಡುವವರಿಗೂ ಇರಬೇಕು.

ಮಹಾರುದ್ರಪ್ಪನಿಗೆ ಇರಲಿಲ್ಲ. ಎರಡನೆಯ ದಿನವೇ ಕೆರೆಗೆ ಬಂದು ಗಡಿಗೆಯಲ್ಲಿ ಇಣುಕಿದ.

“ಏನಿದು?”

“ರುಮಾಲ್ರಿ.”

“ಅದರ ಮ್ಯಾಲ ಏನದ ಅಂತ ಕೇಳಾಕತ್ತೇನಿ!”

“ಆಡಿನ ಹಿಕ್ಕಿ ರಿ. ನಿಮ್ಮ ಅಪ್ಪನವರ ಧೋತರಾ ಎಲ್ಲಾ ಇದರಾಗೇ ಹಾದ ಬಂದಾವ.”

ಆ ಮಾತು ಹೇಳಬಾರದಿತ್ತು. ನಿಜವಾದ್ದರಿಂದ ಇನ್ನೂ ಹೇಳಬಾರದಿತ್ತು. ಅವನು ಮೂಗಿಗೆ ಧೋತರದ ಚುಂಗು ಹಿಡಿದು, ಒಂದು ಕೋಲಿನಿಂದ ರುಮಾಲನ್ನು ಮೇಲೆತ್ತಿ, ಚೀಲದಲ್ಲಿ ತುಂಬಿಸಿಕೊಂಡು ಹುಮನಾಬಾದದ ಬಸ್ಸು ಹಿಡಿದ. ಶಲ್ಯ ತಳದಲ್ಲಿತ್ತು. ಅಷ್ಟು ಆಳಕ್ಕೆ ಕೋಲು ಹಾಕುವ ಮನಸ್ಸು ಅವನಿಗಾಗಲಿಲ್ಲ.

“ನಮ್ಮಪ್ಪನ ಮಾನಾ ಹಿಕ್ಕಿನ್ಯಾಗ ಅದ್ದ್ಯಾಳ” ಎಂಬ ಮಾತು ಅಂದೇ ಸಂಜೆ ಓಣಿಯಲ್ಲಿ ತಿರುಗಿತು. ಮೂವತ್ತು ವರ್ಷ ಅವಳ ಕೈಯ ಮಡಿ ಉಟ್ಟವರಿಗೆಲ್ಲ ಒಂದೇ ಸಲ ಮೈ ತುರಿಸಿತು. ಮೂರು ದಿನಗಳೊಳಗೆ ಹನ್ನೊಂದು ಮನೆಗಳ ಗಂಟುಗಳೂ ಬಸ್ಸಿನ ಮೇಲೆ ಹುಮನಾಬಾದಕ್ಕೆ ಹೋದವು. ಭಾಗಮ್ಮ ಮಾತ್ರ ದಿನದ ಹಾಗೆ ಕೆರೆಗೆ ಬಂದಳು, ಮಣ್ಣು ನೆಕ್ಕಿ ಉಗುಳಿದಳು, ಒಂದೇ ಒಂದು ಶಲ್ಯಕ್ಕಾಗಿ ಉಬ್ಬೆಗೆ ಬೆಂಕಿ ಹಚ್ಚಿದಳು. ಮನೆಯ ಜೋಳದ ಗಡಿಗೆ ತಳ ಕಂಡಿತ್ತು.

ಎಂಟನೆಯ ದಿನ ಮಹಾರುದ್ರಪ್ಪನ ಪಡಸಾಲೆಯಲ್ಲಿ ಜನ ಕೂಡಿದರು. ಲಾಂಡ್ರಿಯಿಂದ ಬಂದ ರುಮಾಲು ಕಣ್ಣು ಕುಕ್ಕುವಷ್ಟು ಬೆಳ್ಳಗಿತ್ತು. ಎಲ್ಲರೂ ವಾಹ್ ವಾಹ್ ಎಂದರು. ಮಹಾರುದ್ರಪ್ಪನ ತಂದೆಗೂ ರುಮಾಲು ಸುತ್ತುತ್ತಿದ್ದ ಮುದುಕ ಬಂಡೆಪ್ಪ ಒಂದು ತುದಿಯನ್ನು ಒಬ್ಬನ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದು, ಹುರಿ ಮಾಡಲು ಬಿಗಿಯಾಗಿ ಎಳೆದ. ಪರ್ರೆಂದಿತು. ಮಡಚಿ ಮತ್ತೆ ಎಳೆದ. ಮತ್ತೊಂದು ಕಡೆ ಪರ್ರೆಂದಿತು. ನೆಲದ ಮೇಲೆ ಬಿಳಿಯ ಚಿಂದಿ ಬಿದ್ದಿತ್ತು.

“ನೋಡ್ರಿ! ಆಕಿ ಹಿಕ್ಕಿ ಹಾಕಿ ಕೊಳಸ್ಯಾಳ!” ಎಂದು ಕೂಗಿದ ಮಹಾರುದ್ರಪ್ಪ.

“ಎಂಟ ದಿನ ಆಯ್ತ್ರಿ,” ಎಂದಿತು ಹೊಸ್ತಿಲ ಹೊರಗಿನಿಂದ ಒಂದು ದನಿ. ಭಾಗಮ್ಮ ಮಡಚಿದ ಶಲ್ಯ ಹಿಡಿದು ನಿಂತಿದ್ದಳು. ಕೆನೆ ಹಾಲಿನ ಬಿಳುಪು ಅದರದು.

ಬಂಡೆಪ್ಪ ಎದ್ದು ಹೋಗಿ ಅದನ್ನು ಇಸಿದುಕೊಂಡ. ಒಂದು ತುದಿಯನ್ನು ಕಾಲಿನಡಿ ಒತ್ತಿ, ಇನ್ನೊಂದನ್ನು ಎರಡೂ ಕೈಯಿಂದ ಜಗ್ಗಿದ. ಬಟ್ಟೆ ಹಗ್ಗದ ಹಾಗೆ ಬಿಗಿದು ನಿಂತಿತು.

“ಎರಡೂ ಒಂದೇ ಗಡಗ್ಯಾಗ ಇದ್ವೇನವ್ವಾ?”

“ಒಂದೇ ಗಡಗಿ ರಿ ಯಪ್ಪಾ. ಇದು ತಳದಾಗ ಇತ್ತು. ಹಿಕ್ಕಿ ಇದೇ ಜಾಸ್ತಿ ತಿಂದದ.”

ಮುದುಕ ರುಮಾಲಿನ ಚಿಂದಿ ಎತ್ತಿ ಮೂಸಿದ. “ಇದು ಆಡಿನ ವಾಸನಿ ಅಲ್ಲೋ ಮಹಾರುದ್ರ. ದವಾಖಾನಿ ವಾಸನಿ.”

ಹೊತ್ತು ಮೀರುತ್ತಿತ್ತು, ಬಂಡೆಪ್ಪ ಆ ಶಲ್ಯವನ್ನೇ ಅವನ ತಲೆಗೆ ಸುತ್ತಿದ. ಎರಡು ಸುತ್ತಿಗೇ ಮುಗಿಯಿತು. ಪೇಟೆಯ ಹಿರಿಯ ಕುರಿ ಕಾಯಲು ಹೊರಟವನ ಹಾಗೆ ಗಾದಿಯ ಮೇಲೆ ಕೂತು ಹಾರ ಹಾಕಿಸಿಕೊಂಡ. ಹೀಗೆ ಹೋಲಿಸಿದ್ದಕ್ಕೆ ಕುರಿ ಕಾಯುವವರು ನನ್ನನ್ನು ಬಯ್ಯಬಾರದು. ಅವರಿಗೆ ತಮ್ಮ ಕುರಿಗಳ ಗುರುತಾದರೂ ಇರುತ್ತದೆ.

ಮುಂದಿನ ವಾರದಿಂದ ಗಂಟುಗಳು ಒಂದೊಂದಾಗಿ ಭಾಗಮ್ಮನ ಗುಡಿಸಲಿಗೆ ತಿರುಗಿ ಬಂದವು. ತಪ್ಪಾಯಿತು ಎಂದವರು ಒಬ್ಬರೂ ಇಲ್ಲ. ವೈಜನಾಥನನ್ನು ಬೈದರು, ಅಷ್ಟೇ. ಹನ್ನೊಂದನೆಯ ಗಂಟಿನ ಹಿಂದೆ ಮಹಾರುದ್ರಪ್ಪ ತಾನೇ ಕೆರೆಗೆ ಬಂದ. ಹಿಂದೆ ನಾಲ್ಕು ಮಂದಿ ಇದ್ದರು. ಒಬ್ಬನೇ ಒಳ್ಳೆಯದು ಮಾಡುವ ರೂಢಿ ಅವನಿಗಿಲ್ಲ.

“ಭಾಗಮ್ಮ, ನಡದದ್ದು ನಡೀತು. ಬಸ್‌ಸ್ಟ್ಯಾಂಡ್ ಹತ್ರ ನಂದೊಂದು ಮಳಗಿ ಖಾಲಿ ಅದ. ತಗೋ, ಅಲ್ಲೇ ಲಾಂಡ್ರಿ ಹಾಕು. ಕಿರಾಯಿ ಬ್ಯಾಡ. ಬೋರ್ಡೂ ನಾನೇ ಬರಸ್ತೀನಿ. ಮಹಾರುದ್ರಪ್ಪ ಯಾರಿಗೂ ಅನ್ಯಾಯ ಮಾಡಲ್ಲ ಅಂತ ಮಂದಿಗಿ ಗೊತ್ತಾಗ್ಲಿ.”

ಭಾಗಮ್ಮ ಹುಲ್ಲಿನ ಮೇಲೆ ಅವನದೇ ಧೋತರ ಹರವುತ್ತಿದ್ದಳು. ತಲೆ ಎತ್ತಲಿಲ್ಲ.

“ಮಳಗಿ ಮ್ಯಾಲ ಏನದ್ರಿ?”

“ತಗಡು. ಹೊಸಾ ತಗಡು.”

“ಹಂಗಾರ ಬ್ಯಾಡ್ರಿ. ಬಿಸಲ ತಗಡಿನ ಮ್ಯಾಲೇ ಉಳೀತದ.”

“ಫುಕ್ಕಟ ಕೊಡ್ತೀನಂದ್ರೂ ಬ್ಯಾಡಾ?”

“ಬಿಸಲ ನನಗ ಮೊದಲಿಂದೂ ಫುಕ್ಕಟೇ ಸಿಗ್ತದ್ರಿ,” ಎಂದು ಅವಳು ಬೊಗಸೆಯಲ್ಲಿ ನೀರು ಎತ್ತಿ ಧೋತರದ ಮೇಲೆ ಚಿಮುಕಿಸಿದಳು.