ಹೆಸರು ಕರೆಯುತ್ತಿದ್ದ ಆಂಟಿ

ಅಮೆರಿಕದ ಫ್ರೀಮಾಂಟಿನಲ್ಲಿ ನಮ್ಮ ಕೆಳಗಿನ ಅಪಾರ್ಟ್‌ಮೆಂಟಿನಲ್ಲಿ ಮೈಸೂರಿನ ಆಂಟಿಯೊಬ್ಬರಿದ್ದರು. ಇಂಗ್ಲೆಂಡಿನ ಹಳ್ಳಿ ಚರ್ಚುಗಳಲ್ಲಿ ಹೂಳಲ್ಪಟ್ಟವರ ಹಳೆಯ ದಾಖಲೆಗಳನ್ನು ಸ್ಕ್ರೀನಿನಲ್ಲಿ ಓದಿ, ಅಲ್ಲಿನ ಇತಿಹಾಸ ಸಂಘವೊಂದಕ್ಕೆ ಟೈಪ್ ಮಾಡಿಕೊಡುತ್ತಿದ್ದರು. ಪ್ರತಿ ಹೆಸರನ್ನೂ ಮೊದಲು ಗಟ್ಟಿಯಾಗಿ ಕರೆಯುವರು. "ಎಷ್ಟು ಕಾಲ ಆಯ್ತೋ ಪಾಪ, ಇವ್ರನ್ನ ಯಾರಾದ್ರೂ ಕರ್ದು," ಎನ್ನುವರು.

ಒಂದು ಮಧ್ಯಾಹ್ನ ನಾನು ಪಕ್ಕದಲ್ಲಿ ಕೂತಿದ್ದೆ. ಒಂದು ಕಡೆ ಪಾದ್ರಿ, 'ಚರ್ಚಿನ ಬಾಗಿಲಲ್ಲಿ ಸತ್ತು ಬಿದ್ದಿದ್ದ ಹೆಂಗಸು, ಹೆಸರು ತಿಳಿಯದು' ಎಂದಷ್ಟೇ ಬರೆದಿದ್ದ. ಆಂಟಿ ಎದುರಿನ ಖಾಲಿ ಕುರ್ಚಿಯ ಕಡೆ ಕಿವಿಗೊಟ್ಟರು. ಆಮೇಲೆ ಹೆಸರಿನ ಜಾಗದಲ್ಲಿ 'ಆನ್' ಎಂದು ಟೈಪ್ ಮಾಡಿದರು.

"ಆಂಟಿ, ಅಲ್ಲಿ ಹೆಸರೇ ಇಲ್ವಲ್ಲ?"

"ಈಗ್ತಾನೆ ಹೇಳಿದ್ಲಲ್ಲ, ನಿಂಗೆ ಕೇಳಿಸ್ಲಿಲ್ವಾ?"

"ಪೇಜಲ್ಲಿ ಇಲ್ದಿರೋದನ್ನ ಬರೀಬಾರ್ದು, ಅದು ರೂಲು ಅಂತ ನೀವೇ ಹೇಳಿದ್ರಿ," ಎಂದೆ.

ಅವರು ಹೆಸರನ್ನು ಅಳಿಸಿದರು. ಮತ್ತೆ ಕುರ್ಚಿಯ ಕಡೆ ಕಿವಿಗೊಟ್ಟು, "ಅಳ್ತಿದಾಳೆ ಕಣೇ. ಅಳಿಸಿದ್ದು ನೀನು, ನೀನೇ ಸಮಾಧಾನ ಹೇಳು," ಎಂದರು.

ನಾನು ಖಾಲಿ ಕುರ್ಚಿಯತ್ತ ತಿರುಗಿ, "ತಪ್ಪಾಯ್ತಮ್ಮಾ," ಎಂದೆ. ಅವಳಿಗೆ ಕನ್ನಡ ಹೇಗೆ ತಿಳಿಯಬೇಕು ಎಂದು ಹೊಳೆದದ್ದು ಆಮೇಲೆ. ಅಷ್ಟರಲ್ಲಿ ಆಂಟಿ, "ಹೂಂ, ಸುಮ್ಮನಾದ್ಲು," ಎಂದು ಮುಂದಿನ ಸಾಲಿಗೆ ಹೋಗಿದ್ದರು.