ಕಳಸಗಿತ್ತಿಯ ಸೀರೆ

ನಮ್ಮ ಗಿರಣಿಯ ರೀಲಿಂಗ್ ಖಾತೆಯಲ್ಲಿ ಹೆಂಗಸರದೇ ರಾಜ್ಯ. ನೂಲನ್ನು ಲಡಿ ಸುತ್ತುವ ಕೆಲಸ. ಗಂಡಸರು ಅಂತ ಒಳಗೆ ಬರುತ್ತಿದ್ದವರು ಇಬ್ಬರು: ಬೈಯಲು ಬರುವ ಸೂಪರ್‌ವೈಸರ್, ಯಂತ್ರ ಕೆಟ್ಟಾಗ ಬರುವ ಫಿಟ್ಟರ್. ಮೊದಲನೆಯವರಿಗೆ ಇಡೀ ಖಾತೆ ಹಿಡಿಶಾಪ ಹಾಕುತ್ತಿತ್ತು. ಎರಡನೆಯವರ ಮೇಲೆ ನಾನು ಮನಸ್ಸಿಟ್ಟೆ. ಅರವತ್ತರ ದಶಕದ ಶುರುವಿನ ಮಾತು. ಆಗ ದಾವಣಗೆರೆ ಗಿರಣಿಯ ಕೂಗಿಗೇ ಏಳುತ್ತಿತ್ತು, ಕೂಗಿಗೇ ಉಣ್ಣುತ್ತಿತ್ತು.

ಫಿಟ್ಟರ್ ಹರಿಹರದವರು, ದಿನಾ ರೈಲಿಗೆ ಬರುತ್ತಿದ್ದರು. ಖಾತೆಯ ಹೆಂಗಸರನ್ನೆಲ್ಲ ವಯಸ್ಸು ನೋಡಿ ಅವ್ವ, ಅಕ್ಕ, ತಂಗಿ ಅಂತ ಮಾತಾಡಿಸುವರು. ನನ್ನನ್ನು ಮಾತ್ರ ಏನೂ ಕರೆಯುತ್ತಿರಲಿಲ್ಲ. "ಬೆಲ್ಟು ಸಡ್ಲ ಆಗೈತೇನ್ರಿ?" ಅಷ್ಟೇ. ನಮ್ಮ ಕಡೆ ಒಬ್ಬ ಹುಡುಗ ಹುಡುಗಿಯನ್ನು ಅಕ್ಕ ಅನ್ನಲಿಲ್ಲ, ತಂಗಿಯೂ ಅನ್ನಲಿಲ್ಲ ಅಂದರೆ ಬೇರೆ ನಂಟಿಗೆ ಜಾಗ ಬಿಟ್ಟಿದ್ದಾನೆ ಅಂತ ಲೆಕ್ಕ. ನಾನು ಆ ಖಾಲಿ ಜಾಗದಲ್ಲಿ ಮನೆ ಕಟ್ಟಿಕೊಂಡು ಕೂತೆ.

"ನಿಮ್ಮ ಗುರೆಳ್ಳು ಚಟ್ನಿ ತಿಂದ ಮ್ಯಾಲೆ ನಮ್ಮನೀದು ಸೇರಂಗಿಲ್ಲ ನೋಡ್ರಿ" ಅಂದರು ಒಮ್ಮೆ. ಅಂದಿದ್ದೇ ತಡ, ಮರುದಿನದಿಂದ ನನ್ನ ಬುತ್ತಿಯಲ್ಲಿ ಅವರಿಗೆ ಅಂತ ಎರಡು ರೊಟ್ಟಿ ಹೆಚ್ಚಾದವು. ಜಾತಿಯೂ ಒಂದೇ ಆಗಿತ್ತು. ಇನ್ನೇನು ಬೇಕು ಅಂದುಕೊಂಡೆ. ಆ ವರ್ಷವೇ ಸೋದರಮಾವ ತನ್ನ ಮಗನಿಗೆ ನನ್ನನ್ನು ಕೇಳಲು ಬಂದ. ಒಲ್ಲೆ ಅಂದೆ. ಅವನು ಬೇರೆ ಕಡೆ ಹೆಣ್ಣು ತಂದ.

"ಯಾರಿಗೆ ಕಾಯ್ಕಂಡು ಕುಂತೀಯೇ?" ಅಂತ ಅವ್ವ ಕೇಳಿದಳು. ನಾನು ರೊಟ್ಟಿ ತಟ್ಟುತ್ತಲೇ ಇದ್ದೆ. ತಿಂಗಳುಗಟ್ಟಲೆ ಅವಳು ನನಗೆ ಮುಖ ಕೊಟ್ಟು ಮಾತಾಡಲಿಲ್ಲ.

ದಸರೆ ಹತ್ತಿರ ಬಂದಾಗ ಫಿಟ್ಟರ್ ನನ್ನ ಯಂತ್ರದ ಪಕ್ಕ ನಿಂತು, "ಬನ್ನಿ ಹಬ್ಬಕ್ಕೆ ಅವ್ವಾರ್ನ ಕರ್ಕಂಡು ನಮ್ಮನಿಗೆ ಬರ್ರಿ. ನಮ್ಮವ್ವ ನಿಮ್ಮನ್ನ ನೋಡ್ಬೇಕಂತೆ" ಅಂದರು. ಇದ್ದ ಒಂದೇ ಇಳಕಲ್ ಸೀರೆ ಉಟ್ಟು ರೈಲು ಹತ್ತಿದೆ. ಅವ್ವನ ಮುಖವೂ ಅರಳಿತ್ತು.

ಹೊಳೆಯ ಹತ್ತಿರದ ಸಣ್ಣ ಮನೆ. ಅವರ ತಾಯಿ ಪಕ್ಕದಲ್ಲಿ ಕೂರಿಸಿಕೊಂಡು ಮಂಡಕ್ಕಿ, ಚಹಾ ಕೊಟ್ಟರು. ಆಮೇಲೆ ಇವರು ಬನ್ನಿ ಎಲೆ ಹಿಡಿದು ಬಂದರು. ನನ್ನ ಕೈಗಿಟ್ಟು, ಬಗ್ಗಿ ಕಾಲು ಮುಟ್ಟಿದರು.

"ಬನ್ನಿ ತಗಂಡು ಬಂಗಾರದಂಗೆ ಇರಾಣ, ಅಕ್ಕ."

ತಾಯಿ ನನ್ನ ಗಲ್ಲ ಸವರಿದರು. "ಇವ್ನಿಗೆ ಒಡಹುಟ್ಟಿದ ಹೆಣ್ಮಕ್ಳಿಲ್ಲವ್ವ. ಗುತ್ತೂರಿನ ಹುಡುಗಿ ಗೊತ್ತಾಗ್ಯಾಳೆ. ಮದುವ್ಯಾಗ ಕಳಸಗಿತ್ತಿ ನೀನೇ ಆಗ್ಬೇಕು."

ಮದುಮಗನ ಹಿಂದೆ ಕಳಸ ಹಿಡಿದು ನಿಲ್ಲುವುದು ಅಕ್ಕತಂಗಿಯರ ಹಕ್ಕು. ಆ ಹಕ್ಕು ಕೇಳದೆಯೇ ನನ್ನ ಮಡಿಲಿಗೆ ಬಿದ್ದಿತ್ತು.

"ಗಿರಣ್ಯಾಗ ಎಲ್ರನ್ನೂ ಬಾಯಿಮಾತಿಗೆ ಅಕ್ಕ ಅಂತೀನಿ" ಅಂದರು ಅವರು. "ನಿಮ್ಮನ್ನ ಹಂಗೆ ಕರಿಯಾಕ ಮನಸ್ಸು ಬರ್ಲಿಲ್ಲ. ಕರದ್ರೆ ನಿಜವಾದ ಅಕ್ಕ ಅಂತ್ಲೇ ಕರೀಬೇಕು ಅಂತಿದ್ದೆ."

ರೈಲಿನಲ್ಲಿ ಅವ್ವ ಒಂದೇ ಮಾತು ಕೇಳಿದಳು. "ಈಗ ಸಮಾಧಾನ ಆತಾ?"

ಕಳಸ ಹಿಡಿಯಲು ಒಲ್ಲೆ ಅನ್ನಬಹುದಿತ್ತು. ಅಂದರೆ ಯಾಕೆ ಅಂತ ಹೇಳಬೇಕಾಗುತ್ತಿತ್ತು. ಹಿಡಿದೆ. ತಾಳಿ ಕಟ್ಟುವಾಗ ಕಳಸದ ನೀರು ತುಳುಕಿ ಅವರ ಹೆಗಲ ಮೇಲೆ ಬಿತ್ತು. ಒಳ್ಳೇ ಶಕುನ ಅಂತ ಯಾರೋ ಹಿರಿಯರು ಹೊಗಳಿದರು. ಹುಡುಗಿ ಲಕ್ಷಣವಾಗಿದ್ದಳು, ಅದಕ್ಕೂ ನನಗೆ ಸಿಟ್ಟು ಬಂತು. ಕಳಸಗಿತ್ತಿಗೆ ಅಂತ ಕೆಂಪಂಚಿನ ಹಸಿರು ಸೀರೆ ಉಡುಗೊರೆ ಕೊಟ್ಟರು.

ಆ ಸೀರೆಯನ್ನು ನಾನು ಗಿರಣಿಗೇ ಉಟ್ಟೆ.

"ಮದುವಿ ಸೀರೆ ಯಾರಾರ ಕೆಲ್ಸಕ್ಕೆ ಉಡ್ತಾರೇನೇ?" ಅಂತ ಪಕ್ಕದ ಯಂತ್ರದಾಕೆ ಗದರಿದಳು.

"ನನ್ನ ಮದುವಿದೇನಲ್ಲಲ್ಲ" ಅಂದೆ.

ಎಣ್ಣೆ ಮೆತ್ತಲಿ, ಹರಿಯಲಿ ಅಂತಲೇ ಉಟ್ಟೆ. ಆದರೂ ನನ್ನ ನಾಚಿಕೆಗೇಡಿತನ ನೋಡಿ, ಬುತ್ತಿಗೆ ಆ ಎರಡು ರೊಟ್ಟಿ ಕಟ್ಟುವುದು ಮಾತ್ರ ಬಿಡಲಿಲ್ಲ. ಅವರು ಹೆಂಡತಿ ಕಟ್ಟಿದ ಊಟ ತಂದರೂ ನನ್ನ ರೊಟ್ಟಿಯನ್ನು ಆರಾಮಾಗಿ ತಿನ್ನುತ್ತಿದ್ದರು. ಅಕ್ಕನ ಮನೆಯ ರೊಟ್ಟಿಗೆ ಸಂಕೋಚವೇನು?

ಸೀರೆ ಕೊನೆಗೂ ಚಿಂದಿಯಾಗಿ ಯಂತ್ರ ಒರೆಸಲು ಬಂತು. ಒಂದು ದಿನ ಅವರು ನನ್ನ ಬೆಲ್ಟು ಕೂಡಿಸಿ ಎದ್ದರು. ಕೈತುಂಬ ಗ್ರೀಸು. "ಅಕ್ಕ, ಒಂದು ಅರಿವಿ ಇದ್ರೆ ಕೊಡು."

ಆ ಸೀರೆಯ ಸೆರಗಿನ ಕಡೆಯ ಒಂದು ತುಂಡು ಹರಿದು ಕೊಟ್ಟೆ. ಅಂಚು ಇನ್ನೂ ಕೆಂಪಗಿತ್ತು. ಅವರ ಮುಖವನ್ನೇ ನೋಡುತ್ತ ನಿಂತೆ. ಅವರು ಒಂದೊಂದೇ ಬೆರಳು ತಿಕ್ಕಿ ಒರೆಸಿಕೊಂಡು, ಅದನ್ನು ಕಸದ ಬುಟ್ಟಿಗೆ ಎಸೆದು, ಮುಂದಿನ ಯಂತ್ರಕ್ಕೆ ಹೋದರು. ಅವರಿಗೆ ಗುರುತೇ ಸಿಗಲಿಲ್ಲ.

ಮರುದಿನ ನನಗೆ ಬೇಕಾದಷ್ಟೇ ರೊಟ್ಟಿ ಕಟ್ಟಿಕೊಂಡೆ.