ಉಗುರು ನೋಡುತ್ತಿದ್ದ ಮೇಸ್ತ್ರಿ

ಮೇಸ್ತ್ರಿಯವರ ಒಂಬತ್ತು ಉಗುರುಗಳು ತೊಳೆದಿಟ್ಟ ಹಾಗೆ ಇರುತ್ತಿದ್ದವು. ಹತ್ತನೆಯದು, ಬಲಗೈ ಹೆಬ್ಬೆರಳಿನದು, ಹುಣಸೆಬೀಜದಂತೆ ದಪ್ಪ, ನಡುವೆ ಸೀಳು. ಚಿಕ್ಕಂದಿನಲ್ಲಿ ಗಾಡಿಯ ನೊಗ ಬಿದ್ದು ಅದರ ಬುಡ ಜಜ್ಜಿಹೋಗಿತ್ತಂತೆ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಮೊದಲ ಲೋಡು ಬರುವ ಮುಂಚೆ ಆ ಹೆಬ್ಬೆರಳಿನಿಂದಲೇ ನಮ್ಮ ಬೆರಳುಗಳನ್ನು ಹಿಡಿದು ನೋಡುತ್ತಿದ್ದರು.

"ಏದಿರಾ, ಗೋಳ್ಳು ಚೂಪು." ತೆಲುಗಿನಲ್ಲಿ, ಉಗುರು ತೋರಿಸು ಅಂತ. ಮೇಸ್ತ್ರಿ ಮನೆಯಲ್ಲಿ ದಖನಿ ಆಡುವ ಸಾಬರು, ಮಂಡಿಯಲ್ಲಿ ಎದುರಿಗೆ ಸಿಕ್ಕವರ ಭಾಷೆ. ಉಗುರು ಉದ್ದವಿದ್ದವನು ಕಾಯಿ ಮುಟ್ಟುವಂತಿರಲಿಲ್ಲ. ಇವತ್ತು ಬಿದ್ದ ಗೀರು ನಾಳೆ ಕಪ್ಪು, ನಾಡಿದ್ದು ಕೊಳೆ.

ನಾನು ಆರನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಯಲ್ದೂರಿನಿಂದ ಬಂದು, ಎಲ್ಲರಿಗಿಂತ ಹೆಚ್ಚು ಕ್ರೇಟು ಹೊರುತ್ತಿದ್ದೆ. ಅದೇ ನನ್ನ ಜಂಬ. ಸುಮ್ಮನೆ ಕೂರುವುದು ನನ್ನ ಕೈಲಿ ಆಗದು, ಈಗಲೂ ಆಗದು.

ಹೋದ ವರ್ಷ ಬಿಗಿ ಶೂ ಹಾಕಿ ಹಾಕಿ ಕಾಲಿನ ಹೆಬ್ಬೆರಳ ಉಗುರು ಮಾಂಸಕ್ಕೆ ಇಳಿಯಿತು. ಬ್ಲೇಡಿನಿಂದ ಮೂಲೆ ಅಗೆದೆ. ಕೀವು ಕಟ್ಟಿತು. ಸೀಸನ್ನಿನಲ್ಲಿ ಕೂತರೆ ನನ್ನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ ಎಂದು ಹದಿನೈದು ದಿನ ಬಚ್ಚಿಟ್ಟೆ. ಮೇಸ್ತ್ರಿ ನನ್ನ ನಡಿಗೆ ನೋಡಿಯೇ ಹಿಡಿದರು.

"ಶೂ ಬಿಚ್ಚು."

"ಏನಿಲ್ಲ ಮೇಸ್ತ್ರಿ."

"ಏನಿಲ್ದಿದ್ರೆ ಬಿಚ್ಚೋಕೇನ್ಲಾ? ಮದುವೆ ಹೆಣ್ಣಾ ನೀನು, ಕಾಲು ತೋರ್ಸೋಕೆ ನಾಚ್ಕೊಳ್ಳೋಕೆ?"

ಎಲ್ಲರೂ ನಕ್ಕರು. ನನಗೆ ಉರಿದುಹೋಯಿತು. "ಕಾಲು ನಂದು. ಕೆಲಸ ಕೋಲಾರದಲ್ಲೂ ಸಿಗ್ತದೆ" ಎಂದುಬಿಟ್ಟೆ. ಮೊಣಕಾಲು ನೋವಿನ ಮೇಸ್ತ್ರಿ ನೆಲಕ್ಕೆ ಕೂತು ತಾವೇ ನನ್ನ ಶೂ ಎಳೆದರು. ವಾಸನೆಗೆ ನಗು ನಿಂತಿತು.

"ಕಾಲುಗುರು ನೆಟ್ಟಗೆ ಕತ್ತರಿಸ್ಬೇಕು ಕಣೋ, ಹೊಸ್ತಿಲ ಥರ. ಮೂಲೆ ಅಗೆದ್ರೆ ಅದು ದಾರಿ ತಪ್ಪಿ ಮಾಂಸಕ್ಕೆ ನುಗ್ತದೆ."

ತಮ್ಮ ಮೊಪೆಡ್ಡಿನಲ್ಲೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಉಗುರನ್ನೇ ತೆಗೆದರು. ಬೋಳು ಬೆರಳು ನೋಡಿ ನನಗೆ ದಿಗಿಲು. ಇನ್ನು ಬರುತ್ತದೋ ಇಲ್ಲವೋ? ಮೇಸ್ತ್ರಿ ತಮ್ಮ ಸೀಳು ಹೆಬ್ಬೆರಳನ್ನು ನನ್ನ ಮುಖಕ್ಕೆ ಹಿಡಿದರು.

"ಕಾಣೋ ಉಗುರಿಗೆ ಜೀವ ಇಲ್ಲ. ಜೀವ ಬುಡದಲ್ಲಿ, ಚರ್ಮದ ಒಳಗೆ. ನನ್ನ ಬುಡ ಹೋಯ್ತು, ಅದಕ್ಕೇ ಹಿಂಗೆ. ನಿಂದು ಚೆನ್ನಾಗಿದೆ ಅಂದ್ರು ಡಾಕ್ಟ್ರು. ಮುಂದಿನ ಕಾಯಿ ಹೊತ್ತಿಗೆ ಬರ್ತದೆ. ಜಾಗ ನಿಂದೇ, ಸುಮ್ಕೆ ಕೂತ್ಕೊ."

ಕಾಯಿ ಆರಿಸುವವರ ನಡುವೆ ನನ್ನನ್ನು ಕೂರಿಸಿದರು. ಲಾರಿ ಹಾರ್ನ್ ಕೇಳಿದಾಗಲೆಲ್ಲ ಎದ್ದುಬಿಡುತ್ತಿದ್ದೆ. ಮೇಸ್ತ್ರಿ ಭುಜ ಒತ್ತಿ ಕೂರಿಸುತ್ತಿದ್ದರು. ಸೀಸನ್ ಮುಗಿದ ಮೇಲೂ ಪೇಟೆಯಲ್ಲಿ ಸಿಕ್ಕಿದರೆ ಮೊದಲು ಕಾಲು ನೋಡಿ, ಆಮೇಲೆ ಮುಖ ನೋಡುತ್ತಿದ್ದರು. ಚಳಿಗಾಲದಲ್ಲಿ ಒಮ್ಮೆ ಚಪ್ಪಲಿ ಬಿಚ್ಚಿಸಿ, "ಅರ್ಧ ದಾರಿ ಬಂತಲ್ಲೋ" ಎಂದು ಮಗುವಿನ ಹಾಗೆ ಖುಷಿಪಟ್ಟರು.

ಮಾವು ಹೂ ಬಿಟ್ಟಾಗ ಮೇಸ್ತ್ರಿ ಎದೆನೋವು ಬಂದು ಹೋಗಿಬಿಟ್ಟರು. ಮಣ್ಣಿಗೆ ಹೋದೆ. ಚಪ್ಪಲಿ ಹೊರಗೆ ಬಿಟ್ಟು ನಿಂತಾಗ ಕಣ್ಣು ಎಲ್ಲೂ ನಿಲ್ಲದೆ ಆ ಅರ್ಧ ಉಗುರಿಗೇ ಹೋಗುತ್ತಿತ್ತು. ಅವತ್ತು ಎಲ್ಲರೆದುರು ಆಡಿದ ಮಾತಿಗೆ ನಾನು ತಪ್ಪಾಯಿತು ಅಂದಿರಲಿಲ್ಲ.

ಈ ಸೀಸನ್ನಿನ ಮೊದಲ ಬೆಳಿಗ್ಗೆ ಅಭ್ಯಾಸಬಲದಿಂದ ಕೈ ಚಾಚಿ ನಿಂತೆ. ಯಾರೂ ನೋಡಲಿಲ್ಲ.

ಕಾಯಿ ಮುಗಿಯುವ ಹೊತ್ತಿಗೆ ಉಗುರು ತುದಿ ಮುಟ್ಟಿತು, ದಾಟಿಯೂ ಬೆಳೆಯಿತು. ತುದಿಯಲ್ಲಿರುವುದು ಮೊದಲು ಚಿಗುರಿದ್ದು, ಅವರು ಕಂಡಿದ್ದ ಭಾಗ. ಒಂದು ವಾರ ದಿನಾ ನೇಲ್ ಕಟರ್ ಕೈಗೆ ತೆಗೆದುಕೊಂಡು ಮತ್ತೆ ಇಡುತ್ತಿದ್ದೆ. ಸಾಕ್ಸಿಗೆ ಸಿಕ್ಕಿಕೊಳ್ಳತೊಡಗಿತು. "ಉದ್ದ ಬಿಟ್ಟಿದ್ದೀಯೇನ್ಲಾ?" ಎಂದು ಮೇಸ್ತ್ರಿಯೇ ಬೈದ ಹಾಗೆ.

ಇವತ್ತು ಸ್ನಾನ ಮಾಡಿ, ಉಗುರು ಮೆತ್ತಗಿರುವಾಗಲೇ ಕತ್ತರಿಸಿದೆ. ನೆಟ್ಟಗೆ. ಮೂಲೆ ಮುಟ್ಟಲಿಲ್ಲ.